ಓಟು ಯಾವ ಊರಿಂದು?

ಪುಣೆಯಲ್ಲಿ ನನಗೆ ಗೊತ್ತಿರುವ ಕನ್ನಡಿಗರಲ್ಲಿ ಹೆಚ್ಚಿನವರು ಆಧಾರ್ ವಿಳಾಸ ಬದಲಿಸಿದ್ದಾರೆ, ಗ್ಯಾಸ್ ಬದಲಿಸಿದ್ದಾರೆ. ಓಟು ಮಾತ್ರ ಊರಲ್ಲೇ ಇದೆ. ನಾನು ಅದನ್ನೂ ಇಲ್ಲಿಗೆ ತಂದುಕೊಂಡಾಗ ಅವ್ವ, ‘ಅಂದ್ರ ಇನ್ನ ಊರ ಕಡೆ ಬರೂದಿಲ್ಲೇನು?’ ಎಂದಳು. ಉತ್ತರ ಹೊಳೆಯಲಿಲ್ಲ.

ಓಟೇನೋ ಬಂತು, ಮಹಾನಗರಪಾಲಿಕೆಯ ಚುನಾವಣೆಯೇ ಬರಲಿಲ್ಲ. 2017ರ ಫೆಬ್ರುವರಿಯಲ್ಲಿ ಆಯ್ಕೆಯಾದವರ ಅವಧಿ 2022ರ ಮಾರ್ಚ್‌ಗೆ ಮುಗಿದಿತ್ತು. ಮೀಸಲಾತಿ, ವಾರ್ಡ್ ರಚನೆಯ ವ್ಯಾಜ್ಯಗಳ ನಡುವೆ ಸುಮಾರು ನಾಲ್ಕು ವರ್ಷ ಆಡಳಿತಾಧಿಕಾರಿಯೇ ಎಲ್ಲ. ನೀರು, ಕಸ, ರಸ್ತೆ ಎಂದು ಹೋಗಿ ಕೇಳಲು ನಗರಸೇವಕರೇ ಇರಲಿಲ್ಲ. ಬೆಂಗಳೂರಿನ ಗೆಳೆಯನಿಗೆ ಹೇಳಿದರೆ ನಕ್ಕ. ಅಲ್ಲಿ ಪಾಲಿಕೆ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಆ ಅವಧಿ ಮುಗಿದ ಮೇಲೆ ಹೊಸ ಕಾರ್ಪೊರೇಟರುಗಳು ಬರಲೇ ಇಲ್ಲ.

ಕೊನೆಗೂ 2026ರ ಜನವರಿ 15ರಂದು ಪುಣೆಯಲ್ಲಿ ಮತದಾನವಾಯಿತು. ಒಟ್ಟು 165 ಸ್ಥಾನ. ಒಂದು ವಾರ್ಡ್ ಬಿಟ್ಟು ಉಳಿದೆಲ್ಲ ಕಡೆ ನಾಲ್ವರು ಸದಸ್ಯರು, ಹಾಗಾಗಿ ಒಬ್ಬೊಬ್ಬರಿಗೆ ನಾಲ್ಕು ಓಟು. ಮರುದಿನ ಬಿಜೆಪಿಗೆ ಸ್ಪಷ್ಟ ಬಹುಮತ ಬಂತು. ಇಲ್ಲಿ ಕೈಜೋಡಿಸಿದ್ದ ಪವಾರರ ಎರಡೂ ಬಣಗಳು ಬಹಳ ಹಿಂದೆ ಉಳಿದವು. ನಾನು ಓಟು ಹಾಕಿದ ನಾಲ್ವರಲ್ಲಿ ಇಬ್ಬರು ಗೆದ್ದರು.

ಸೋಲು ಗೆಲುವಿಗಿಂತ ನನಗೆ ಮುಖ್ಯವಾದದ್ದು ಬೇರೆ. ಪಾಲಿಕೆಗೆ ಪ್ರತ್ಯೇಕ ಮತಪಟ್ಟಿ ಇಲ್ಲ. 2025ರ ಜುಲೈ 1ರ ವಿಧಾನಸಭಾ ಪಟ್ಟಿಯನ್ನೇ ವಾರ್ಡುವಾರು ಹಂಚಿದ್ದರು. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದ ಗೆಳೆಯರಿಗೆ ಓಟು ಸಿಗಲಿಲ್ಲ. ಊರಿನ ನಂಟು ಮತಪಟ್ಟಿಯಿಂದ ಹೆಸರು ತೆಗೆದರೆ ಹೋಗುವುದಿಲ್ಲ. ಬೆಳಗ್ಗೆ ನಲ್ಲಿ ತಿರುಗಿಸುವುದು ಮಾತ್ರ ಇಲ್ಲೇ.