ಜ್ವರ ಹೋಯಿತು, ಎದೆಯುರಿ ಉಳಿಯಿತು



ಬಿಸಿಯೂಟದಲ್ಲಿ ನಾನು ಯಾಕೆ ಅರ್ಧ ತಾಟು ಉಂಡು ಏಳುತ್ತೇನೆ, ಮತ್ತೆ ಮೂರು ಗಂಟೆಗೆ ಯಾಕೆ ಡಬ್ಬಿ ತೆಗೆಯುತ್ತೇನೆ, ಉಂಡ ಕೂಡಲೇ ಖೋಖೋ ಆಡಲು ಯಾಕೆ ಬರುವುದಿಲ್ಲ ಎಂದು ನೀವೆಲ್ಲ ಕೇಳುತ್ತೀರಿ. ಒಬ್ಬೊಬ್ಬರಿಗೆ ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಅದನ್ನೇ ಬರೆದು ಕೊಟ್ಟಿದ್ದೇನೆ. "ಅಕಿದು ಬರೇ ನಾಟಕ" ಅಂತ ಒಬ್ಬರಿಬ್ಬರು ಅಂದದ್ದೂ ನನ್ನ ಕಿವಿಗೆ ಬಿದ್ದಿದೆ. ಅವರು ಪೂರ್ತಿ ಓದಬೇಕು.

2024ನೇ ಇಸವಿ ಆಗಸ್ಟ್ ಕೊನೆಯ ವಾರದಲ್ಲಿ ನನಗೆ ಡೆಂಗ್ಯೂ ಜ್ವರ ಬಂತು. ಆ ವರ್ಷ ಡೆಂಗ್ಯೂ ಎಷ್ಟು ಹೆಚ್ಚಾಗಿತ್ತೆಂದರೆ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರದವರು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದರು. ನಮ್ಮ ಖಾನಾಪುರದ ಮಳೆ ನಿಮಗೆ ಗೊತ್ತೇ ಇದೆ. ಬ್ಯಾರಲ್, ಟೈರು, ಒಡೆದ ಕೊಡ ಎಲ್ಲದರಲ್ಲೂ ನೀರು. ಐದು ದಿನ ಜ್ವರ, ಕಣ್ಣಿನ ಹಿಂದೆ ನೋವು, ಎಲುಬೆಲ್ಲ ಮುರಿದ ಹಾಗೆ. ಖಾನಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಸಲಾಯಿನ್ ಹಚ್ಚಿದರು, ಆರಾಮಾಯಿತು. ಜ್ವರದ ಮಾತು ಇಷ್ಟೇ ಸಾಕು. ನಾನು ಬರೆಯಬೇಕೆಂದಿದ್ದು ಅದು ಹೋದ ಮೇಲಿನದು.

ಸೆಪ್ಟೆಂಬರ್ 7ಕ್ಕೆ ಗಣಪತಿ ಹಬ್ಬ. ಮೈ ತಣ್ಣಗಾಗಿತ್ತು. "ಹುಡುಗಿ ಭಾಳ ಸೊರಗ್ಯಾಳ, ಚಲೋ ಉಣ್ಣಿಸ್ರಿ" ಎಂದು ಓಣಿಯವರೆಲ್ಲ ಹೇಳಿ ಹೋದರು. ನಮ್ಮ ಆಯಿಗೆ ಅಷ್ಟೇ ಸಾಕಾಯಿತು. (ಮರಾಠಿ ಮಾತಾಡುವ ಗೆಳತಿಯರು ಆಯಿ ಅಂದರೆ ತಾಯಿ ಅಂತ ತಿಳ್ಕೋಬ್ಯಾಡ್ರಿ. ನಮ್ಮ ಮನೆಯಲ್ಲಿ ಆಯಿ ಅಂದರೆ ಅಪ್ಪನ ಅವ್ವ.) ಕಡಬು, ಕರ್ಚಿಕಾಯಿ, ತುಪ್ಪ, ಮೇಲೆ ಮತ್ತೆ ತುಪ್ಪ. ನಾಲ್ಕು ತುತ್ತಿಗೇ ನನ್ನ ಹೊಟ್ಟೆ ಡೋಲಿನಂತೆ ಬಿಗಿಯುತ್ತಿತ್ತು. ಹುಳಿ ತೇಗು ಬರುತ್ತಿತ್ತು. ರಾತ್ರಿ ಮಲಗಿದರೆ ಗಂಟಲಿಗೆ ಹುಳಿ ನೀರು ಬಂದು ಎಚ್ಚರಾಗುತ್ತಿತ್ತು. ಜ್ವರದ ಮುಂಚೆ ನನ್ನ ತೂಕ 36 ಕಿಲೋ ಇತ್ತು. ಹಬ್ಬ ಮುಗಿದು ಒಂದು ವಾರಕ್ಕೆ 32 ಆಯಿತು. ಉಣ್ಣಿಸುವವರು ಉಣ್ಣಿಸುತ್ತಲೇ ಇದ್ದರು, ನಾನು ಇಳಿಯುತ್ತಲೇ ಇದ್ದೆ.

ಒಂದು ರಾತ್ರಿ ಎದೆಯ ನಡುವೆ ಬೆಂಕಿ ಇಟ್ಟ ಹಾಗಾಯಿತು. "ಅವ್ವಾ, ಎದಿ ಉರಿಯಾಕತ್ತೈತಿ" ಎಂದೆ. ಅವ್ವ ಧಡ್ಡನೆ ಎದ್ದು ಕುಂತಳು. ಅವಳ ಮುಖ ನೋಡಿ ನನಗೆ ಉರಿಗಿಂತ ಹೆಚ್ಚು ಹೆದರಿಕೆಯಾಯಿತು. ಯಾಕೆಂದರೆ ನಮ್ಮ ಅಜ್ಜ ತೀರಿಕೊಂಡ ರಾತ್ರಿ ಅವರೂ ಇದೇ ಮಾತು ಹೇಳಿದ್ದರಂತೆ. ಪಿತ್ತ ಇರಬೇಕೆಂದು ಸೋಡಾ ಕುಡಿಸಿದ್ದರಂತೆ. ಬೆಳಗಾಗುವುದರೊಳಗೆ ಹೃದಯ ನಿಂತಿತ್ತು. ಅವ್ವ ಆ ರಾತ್ರಿ ನನ್ನ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪ ಕೂಲಿ ಬಿಟ್ಟು ನಮ್ಮಿಬ್ಬರನ್ನು ಬೆಳಗಾವಿಗೆ ಕರೆದುಕೊಂಡು ಹೊರಟ. ಗಣೇಬೈಲ, ಪಿರನವಾಡಿ ದಾಟುವವರೆಗೂ ಮೂವರೂ ಮಾತಾಡಲಿಲ್ಲ.

ಸಿವಿಲ್ ಆಸ್ಪತ್ರೆಯಲ್ಲಿ ಎದೆಗೆ, ಕೈಕಾಲಿಗೆ ವೈರು ಹಚ್ಚಿ ಇಸಿಜಿ ತೆಗೆದರು. ಡಾಕ್ಟರು ಕಾಗದ ನೋಡಿ, "ಹೃದಯ ಗಟ್ಟಿ ಐತಿ, ಅಂಜಬ್ಯಾಡ್ರಿ" ಎಂದರು. ಅವ್ವ ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಡಾಕ್ಟರು ನನ್ನನ್ನೇ ಕೇಳಲು ಶುರುಮಾಡಿದರು. ರಕ್ತ ವಾಂತಿ ಆಗಿತ್ತೇನು? ಸಂಡಾಸು ಡಾಂಬರಿನ ಹಾಗೆ ಕಪ್ಪಗಿತ್ತೇನು? ಅನ್ನ ಗಂಟಲಲ್ಲಿ ಸಿಗುತ್ತದೇನು? ಎಲ್ಲರ ಮುಂದೆ ಸಂಡಾಸದ ಮಾತು ಹೇಳಲು ನಾಚಿಕೆಯಾಯಿತು. ಆದರೆ ಅವುಗಳಲ್ಲಿ ಒಂದಿದ್ದರೂ ತಡಮಾಡದೆ ದವಾಖಾನೆಗೆ ಬರಬೇಕು ಎಂದು ಅವರು ಹೇಳಿದ್ದರಿಂದ ಇಲ್ಲಿ ಬರೆದಿದ್ದೇನೆ. ನನಗೆ ಅದೇನೂ ಇರಲಿಲ್ಲ.

"ಜ್ವರದಾಗ ಯಾವ ಗುಳಿಗಿ ತಗೊಂಡಿದ್ದಿ?" ಎಂದೂ ಕೇಳಿದರು. ಜ್ವರದ ಮೊದಲ ಎರಡು ದಿನ ಒಂದು ಅಂಗಡಿಯವರು ಮೈಕೈ ನೋವಿಗೆಂದು ಕೊಟ್ಟ ಗುಳಿಗೆಯನ್ನು ಬರೀ ಹೊಟ್ಟೆಗೆ ನುಂಗಿಸಿದ್ದರು. ಅಪ್ಪ ಅದರ ಖಾಲಿ ಚೀಟಿ ತೋರಿಸಿದ. ಡೆಂಗ್ಯೂ ಇರಬಹುದು ಎಂಬ ಸಂಶಯವಿದ್ದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಕೊಡಬಾರದಂತೆ. ಕೆಲವು ನೋವಿನ ಗುಳಿಗೆಗಳಿಂದ ರಕ್ತ ಸೋರುವ ಅಪಾಯ ಹೆಚ್ಚಾಗುತ್ತದೆ, ಹೊಟ್ಟೆಯ ಒಳಪೊರೆಯೂ ಕೆರಳುತ್ತದೆ.

ಕೇಸ್ ಪೇಪರಿನ ಹಿಂದೆ ಅವರು ಚಿತ್ರ ಬರೆದು ತೋರಿಸಿದರು. ನಮ್ಮ ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ. ಜಠರಕ್ಕೆ ಲೋಳೆಯ ರಕ್ಷಣೆ ಇದೆ, ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಎರಡರ ನಡುವೆ ಒಂದು ಬಾಗಿಲಿನಂಥ ಸ್ನಾಯು ಇದೆ. "ಮಳಿಗಾಲದಾಗ ನಿಮ್ಮ ಮನಿ ಕದ ಊದಿ ಸರಿಯಾಗಿ ಮುಚ್ಚೂದಿಲ್ಲಲ್ಲ, ಹಂಗಂತ ತಿಳ್ಕೋ" ಎಂದರು. ವೈರಸ್ ಜ್ವರ ಹೋದ ಮೇಲೂ ಕೆಲವರ ಹೊಟ್ಟೆ ವಾರಗಟ್ಟಲೆ, ತಿಂಗಳುಗಟ್ಟಲೆ ಮಂದವಾಗಿರುತ್ತದಂತೆ. ಉಂಡದ್ದು ಬೇಗ ಕೆಳಗೆ ಇಳಿಯುವುದಿಲ್ಲ. ತುಪ್ಪ ಎಣ್ಣೆ ಹೆಚ್ಚಾದರೆ ಇನ್ನೂ ತಡ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಮ್ಲ ಬಾಗಿಲು ದಾಟಿ ಮೇಲೆ ಬರುತ್ತದೆ. ಬೆಳಿಗ್ಗೆ ಉಣ್ಣುವುದಕ್ಕೆ ಅರ್ಧ ತಾಸು ಮುಂಚೆ ಒಂದು ಗುಳಿಗೆ, ನಾಲ್ಕು ವಾರ, ಆಮೇಲೆ ಬಂದು ತೋರಿಸಬೇಕು, ನೀವೇ ಮುಂದುವರಿಸಬಾರದು ಎಂದು ಎರಡು ಸಲ ಹೇಳಿದರು.

ಇನ್ನೊಂದು ಔಷಧ ನಮ್ಮ ಮನೆಯಲ್ಲೇ ಇತ್ತು. ಅದು ಇಟ್ಟಿಗೆ! ತಲೆದಿಂಬು ಏರಿಸಿದರೆ ಹೊಟ್ಟೆ ಮಡಚುತ್ತದೆ, ಮಂಚದ ತಲೆಯ ಕಡೆಯನ್ನೇ ಏರಿಸಬೇಕು ಎಂದು ಡಾಕ್ಟರು ಹೇಳಿದ್ದರು. ಖಾನಾಪುರದ ಇಟ್ಟಿಗೆ, ಹೆಂಚು ಎಲ್ಲ ಕಡೆ ಹೆಸರುವಾಸಿ. ಬೇಸಿಗೆಯಲ್ಲಿ ಅಪ್ಪ ಭಟ್ಟಿಯಲ್ಲೇ ದುಡಿಯುತ್ತಾನೆ. ಎರಡು ಕಾಲಿಗೆ ಎರಡೆರಡು ಇಟ್ಟಿಗೆ ಇಟ್ಟ. ನಾನು ಪಟ್ಟಿ ಹಿಡಿದು ಅಳೆದೆ, 15 ಸೆಂಟಿಮೀಟರ್ ಬಂತು. ಮೊದಲ ರಾತ್ರಿ ಜಾರಿ ಜಾರಿ ಕೆಳಗೆ ಬಂದೆ. ತಮ್ಮನಿಗಂತೂ ಅದು ಜಾರುಬಂಡಿಯೇ ಆಯಿತು. ಎಡ ಮಗ್ಗುಲಿಗೆ ಮಲಗಿದರೆ ಉರಿ ಕಡಿಮೆ ಎಂದಿದ್ದರು, ಅದೂ ಖರೆ ಆಯಿತು. ಸಂಜೆ ಏಳರೊಳಗೆ ಊಟ ಮುಗಿಸಿ ಹತ್ತಕ್ಕೆ ಮಲಗುವುದು ಶುರುವಾಯಿತು.

ಗುಳಿಗೆ ನುಂಗುವುದು ಸಸಾರ. ಆಯಿಗೆ "ಸಾಕು" ಎನ್ನುವುದು ಕಠಿಣ. ನಾನು ತಾಟಿಗೆ ಕೈ ಅಡ್ಡ ಹಿಡಿದರೆ ಅವಳ ಕಣ್ಣು ತುಂಬುತ್ತಿತ್ತು. "ನಾವು ಸಣ್ಣವರಿದ್ದಾಗ ನೀಡವರಿರಲಿಲ್ಲ. ಈಗ ನೀಡವರದಾರು, ಉಣ್ಣವರಿಲ್ಲ" ಎಂದು ಒಲೆಯ ಮುಂದೆ ಕುಂತು ಬಿಡುತ್ತಿದ್ದಳು. ನನಗೂ ಉಂಡುಬಿಡಲೇ ಅನ್ನಿಸುತ್ತಿತ್ತು. ಕೊನೆಗೆ ಅವ್ವ ಒಂದು ಸಣ್ಣ ಬಟ್ಟಲು ಆಯಿಯ ಕೈಗೆ ಕೊಟ್ಟು, "ಡಾಕ್ಟರು ದಿನಕ್ಕ ಆರು ಸಲ ಉಣಸ್ರಿ ಅಂದಾರ. ಆರೂ ಸಲ ನೀವ ನೀಡ್ರಿ ಅತ್ತಿ" ಎಂದಳು. ಅಂದಿನಿಂದ ಆಯಿ ಗಡಿಯಾರದ ಮುಂದೆಯೇ! ಬೆಳಿಗ್ಗೆ ಗಂಜಿ, ಹತ್ತಕ್ಕೆ ಬಾಳೆಹಣ್ಣು, ಹೀಗೆ ನಡೆಯಿತು. ಶಾಲೆಗೆ ತರುವ ಡಬ್ಬಿಯೂ ಅವಳದೇ, ಮೆತ್ತಗಿನ ಅನ್ನ, ಹೆಸರುಬೇಳೆ. ರಂಜಕ, ಮಿರ್ಚಿ ಭಜಿ, ಬರೀ ಹೊಟ್ಟೆಯ ಚಹಾ ಮೂರೂ ಬಂದ್.

ಓಣಿಯವರ ಔಷಧಗಳ ಬಗ್ಗೆಯೂ ಬರೆಯಬೇಕು. ಕೋಕಂ ಪಿತ್ತಕ್ಕೆ ಒಳ್ಳೆಯದು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಅದು ಗಂಟಲಲ್ಲಿ ಚುರ್ ಎನ್ನುತ್ತಿತ್ತು, ಹುಳಿಯಲ್ಲವೇ. ಗೋಲಿ ಸೋಡಾದಿಂದ ತೇಗು ಬರುತ್ತದೆ, ಹಗುರಾಯಿತು ಅನ್ನಿಸುತ್ತದೆ, ಆದರೆ ಆ ತೇಗಿನ ಸಂಗಡವೇ ಆಮ್ಲವೂ ಮೇಲೆ ಬರುತ್ತಿತ್ತು. ತಣ್ಣನೆ ಹಾಲು ಅರ್ಧ ತಾಸು ಚಲೋ, ಆಮೇಲೆ ಮತ್ತೆ ಅದೇ ಉರಿ. ಎಲ್ಲರ ಹೊಟ್ಟೆ ಒಂದೇ ತೆರನಲ್ಲ, ನಿನಗೆ ಯಾವುದು ಒಗ್ಗುವುದಿಲ್ಲವೋ ಬರೆದಿಡು ಎಂದು ಡಾಕ್ಟರು ಹೇಳಿದ್ದರಿಂದ ಗಣಿತದ ನೋಟಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ. ಗಣಿತದ ಗುರುಗಳು ಅದನ್ನು ನೋಡಿ ನಕ್ಕರು, ಬೈಯಲಿಲ್ಲ.

ವಿಜ್ಞಾನದ ಗುರುಗಳು ಅದೇ ನೆಪದಲ್ಲಿ ಒಂದು ಕಥೆ ಹೇಳಿದರು. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯವನ ಹೊಟ್ಟೆಗೆ ಗುಂಡು ಬಿತ್ತು. ಅವನು ಬದುಕಿದ, ತೂತು ಮಾತ್ರ ಮುಚ್ಚಲೇ ಇಲ್ಲ. ವಿಲಿಯಂ ಬ್ಯೂಮಾಂಟ್ ಎಂಬ ಡಾಕ್ಟರು ಆಹಾರವನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಎಷ್ಟು ಹೊತ್ತಿಗೆ ಕರಗುತ್ತದೆಂದು ನೋಡಿದರು. 1833ರಲ್ಲಿ ಪುಸ್ತಕ ಬರೆದರು. ಜ್ವರದ ಹೊತ್ತಿನಲ್ಲಿ ಒಳಪೊರೆ ಕೆಂಪಗಾಗಿ ಒಣಗುವುದನ್ನು, ಜಠರರಸ ಕಡಿಮೆಯಾಗುವುದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಸುಮಾರು ಇನ್ನೂರು ವರ್ಷದ ಹಿಂದೆಯೇ ಇದು ಗೊತ್ತಿತ್ತು ಎಂದು ಆಯಿಗೆ ಹೇಳಿದೆ. ಅವಳು ಕೇಳಿದ್ದು ಬೇರೆ: "ಆ ಕೂಲಿಯವನ ಹೊಟ್ಟಿಗಿ ಆಮ್ಯಾಲ ಯಾರು ಹಾಕಿದ್ರು?" ನನಗೂ ಡಾಕ್ಟರಿಗಿಂತ ಅವನ ಮೇಲೆಯೇ ಹೆಚ್ಚು ಕನಿಕರ ಬಂತು.

ಅಕ್ಟೋಬರಿನಲ್ಲಿ ಮತ್ತೆ ಬೆಳಗಾವಿಗೆ ಹೋಗಿ ತೋರಿಸಿದೆವು. ಗುಳಿಗೆ ಬಿಡಿಸಿದರು. ದೀಪಾವಳಿಗೆ ಸೋದರಮಾವ ಬೆಳಗಾವಿಯಿಂದ ಕುಂದಾ ತಂದ. ಎರಡು ಚಮಚ ತಿಂದೆ, ಉರಿಯಲಿಲ್ಲ. ತೂಕ 35ಕ್ಕೆ ಬಂದಿದೆ. ರಂಜಕ ಇನ್ನೂ ಮುಟ್ಟಿಲ್ಲ.

ಹೋದ ವಾರ ಇನ್ನೊಂದು ಸಂಗತಿ ಗೊತ್ತಾಯಿತು. ರಾತ್ರಿ ನೀರು ಕುಡಿಯಲು ಎದ್ದಾಗ ಆಯಿ ಕತ್ತಲಲ್ಲಿ ಕುಂತು ಸೋಡಾಪುಡಿ ಕಲಸಿದ ನೀರು ಕುಡಿಯುತ್ತಿದ್ದಳು. ಎಷ್ಟು ದಿನದಿಂದ ಎಂದು ಕೇಳಿದೆ. "ನಿಮ್ಮಪ್ಪನ ಲಗ್ನಕ್ಕಿಂತ ಮೊದಲಿಂದ" ಎಂದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಅಪ್ಪ ಅವಳ ಮಂಚಕ್ಕೂ ನಾಲ್ಕು ಇಟ್ಟಿಗೆ ಇಟ್ಟಿದ್ದಾನೆ. ಬರುವ ಸೋಮವಾರ ಖಾನಾಪುರಕ್ಕೆ ಕರೆದೊಯ್ದು ತೋರಿಸಬೇಕೆಂದು ಅವ್ವ ಹೇಳುತ್ತಾಳೆ. "ನನಗೇನಾಗೈತಿ, ನಾ ಬರೂದಿಲ್ಲ" ಎಂದು ಆಯಿ ಹಟ ಹಿಡಿದಿದ್ದಾಳೆ. ಸೋಮವಾರ ನಾನು ಶಾಲೆಗೆ ಬರದಿದ್ದರೆ ಅವಳು ಒಪ್ಪಿದಳೆಂದು ತಿಳಿಯಿರಿ.

– ಏಳನೇ ತರಗತಿಯ ವಿದ್ಯಾರ್ಥಿನಿ