ಮರದ ಕಾಲಿನ ಮೇಲೆ ನಿಂತ ಮನೆಗಳು

ನೆದರ್‌ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಂ ನಗರದಲ್ಲಿ ಕಾಲುವೆಗಳ ದಡದುದ್ದಕ್ಕೂ ಕಿರಿದಾದ, ಎತ್ತರದ ಇಟ್ಟಿಗೆ ಮನೆಗಳು ಒಂದಕ್ಕೊಂದು ಆತುಕೊಂಡು ನಿಂತಿವೆ. ಇವುಗಳಲ್ಲಿ ಅನೇಕವು 17ನೇ ಶತಮಾನದವು. ಈ ಕಾಲುವೆ ವಲಯವನ್ನು ಯುನೆಸ್ಕೊ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲವು ಮನೆಗಳು ವಾಲಿರುವುದನ್ನು ಕಂಡು ದೋಣಿಯಲ್ಲಿ ಕುಳಿತ ಪ್ರವಾಸಿಗರು ನಗುತ್ತಾರೆ. ಒಳಗೆ ಸಂಸಾರ ಹೂಡಿದವರಿಗೆ ಅದು ನಗುವ ಮಾತಲ್ಲ.

ವಾಲಿದ್ದೆಲ್ಲ ರೋಗವೂ ಅಲ್ಲ. ಬೀದಿಯ ಕಡೆಗೆ ಬಾಗಿದ ಮುಂಗೋಡೆಗಳಲ್ಲಿ ಎಷ್ಟೋ ಬೇಕೆಂದೇ ಹಾಗೆ ಕಟ್ಟಿದವು. ಮೆಟ್ಟಿಲು ಇಕ್ಕಟ್ಟು, ಆದ್ದರಿಂದ ಮೇಲೆ ಚಾಚಿದ ತೊಲೆಯ ಕೊಕ್ಕೆಗೆ ಹಗ್ಗ ಹಾಕಿ ಸಾಮಾನುಗಳನ್ನು ಹೊರಗಿನಿಂದಲೇ ಎಳೆಯುತ್ತಾರೆ. ಗೋಡೆ ಮುಂದಕ್ಕೆ ಬಾಗಿದ್ದರೆ ಅವು ಗೋಡೆಗೆ ಉಜ್ಜುವುದಿಲ್ಲ. ಎಡಕ್ಕೋ ಬಲಕ್ಕೋ ವಾಲಿದ ಮನೆಯ ಕಥೆ ಬೇರೆ. ಅದರ ಪಾಯ ಒಂದು ಪಕ್ಕದಲ್ಲಿ ಇಳಿದಿರುವ ಸಂಭವವೇ ಹೆಚ್ಚು.

ಇಲ್ಲಿನ ನೆಲ ಜೌಗು. ಮೇಲೆ ಜೇಡಿ ಮತ್ತು ಕೊಳೆತ ಸಸ್ಯಗಳ ಮೆತ್ತನೆಯ ಪದರ. ಗಟ್ಟಿ ಮರಳು ಸಿಗಬೇಕಾದರೆ ಸುಮಾರು 12 ಮೀಟರ್ ಇಳಿಯಬೇಕು. ಹಿಂದಿನವರು ಅಷ್ಟುದ್ದದ ಮರದ ಕಂಬಗಳನ್ನು ಮರಳು ತಾಗುವವರೆಗೆ ಬಡಿದು, ಅವುಗಳ ತಲೆಯ ಮೇಲೆ ಗೋಡೆ ಎಬ್ಬಿಸಿದರು. 1648ರಲ್ಲಿ ಪುರಭವನವಾಗಿ ಕಟ್ಟಲು ಆರಂಭಿಸಿದ ಈಗಿನ ಅರಮನೆಯ ಕೆಳಗೆ ಇಂಥ 13,659 ಕಂಬಗಳಿವೆಯೆಂಬ ಲೆಕ್ಕ ಅಲ್ಲಿನ ಶಾಲಾ ಮಕ್ಕಳಿಗೆ ಬಾಯಿಪಾಠ. ವರ್ಷದ ದಿನಗಳಾದ 365ರ ಎಡಕ್ಕೆ 1, ಬಲಕ್ಕೆ 9 ಬರೆದರಾಯಿತು!

ನೀರಿನಲ್ಲಿ ಮರ ಕೊಳೆಯುವುದಿಲ್ಲವೇ? ಮರವನ್ನು ಬೇಗ ತಿನ್ನುವುದು ಶಿಲೀಂಧ್ರ. ಅದಕ್ಕೆ ತೇವದ ಜೊತೆಗೆ ಆಮ್ಲಜನಕವೂ ಬೇಕು. ಪೂರ್ತಿ ಮುಳುಗಿದ ಕಂಬಕ್ಕೆ ಗಾಳಿ ತಾಗದು. ಬ್ಯಾಕ್ಟೀರಿಯಾಗಳು ಸವೆಸಿದರೂ ಅದು ಬಹಳ ನಿಧಾನ. ಬೇಲಿಯ ಗೂಟ ಮೊದಲು ಮುರಿಯುವುದು ಮಣ್ಣಿನ ಮಟ್ಟದಲ್ಲೇ ಎಂಬುದನ್ನು ನಮ್ಮ ರೈತರು ಬಲ್ಲರು. ಗಾಳಿ, ತೇವ ಎರಡೂ ಕೂಡುವುದು ಅಲ್ಲಿಯೇ. ಬರಗಾಲದಲ್ಲೋ, ಒಡೆದ ಒಳಚರಂಡಿಗೆ ಬಸಿದೋ ಅಂತರ್ಜಲ ಇಳಿದರೆ ಕಂಬದ ತಲೆ ಬಯಲಾಗುತ್ತದೆ. ಅಲ್ಲಿಂದ ಕೊಳೆ ಶುರು.

ರೋಗ ಪತ್ತೆಗೂ ಕ್ರಮವಿದೆ. ಗಾರೆಯ ಮೇಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಓರೆಯಾಗಿ ಓಡುವ, ವರ್ಷ ವರ್ಷ ಅಗಲವಾಗುವ ಬಿರುಕು ಎಚ್ಚರಿಕೆಯ ಗಂಟೆ. ಕಟ್ಟಿದಾಗ ಇಟ್ಟಿಗೆ ಸಾಲುಗಳು ಸಮಮಟ್ಟದಲ್ಲಿದ್ದವಷ್ಟೆ. ಈಗ ಅವು ಎಷ್ಟು ಓರೆಯಾಗಿವೆ ಎಂದು ಅಳೆದರೆ ಯಾವ ಪಕ್ಕ ಎಷ್ಟು ಕುಸಿದಿದೆ ಎಂದು ತಿಳಿಯುತ್ತದೆ. ಗೋಡೆಗೆ ಚಿಕ್ಕ ಬೋಲ್ಟು ಕೂರಿಸಿ ಅದರ ಎತ್ತರವನ್ನು ಆಗಾಗ ಅಳೆದರೆ ಇಳಿತದ ವೇಗ ಸಿಗುತ್ತದೆ. ಕೊನೆಗೆ ಗುಂಡಿ ತೋಡಿ ಕಂಬದ ತಲೆಯನ್ನೇ ಪರೀಕ್ಷಿಸುತ್ತಾರೆ. ಮರದ ಚೂರನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ದುರಸ್ತಿ ದೊಡ್ಡ ಶಸ್ತ್ರಚಿಕಿತ್ಸೆಯೇ ಸರಿ. ಕೆಳ ಅಂತಸ್ತು ಖಾಲಿ ಮಾಡಿ ನೆಲ ಅಗೆಯಬೇಕು. ಹಳೆಯ ಗೋಡೆಗಳಲ್ಲಿ ಗೂಡು ಕೊರೆದು, ಅವುಗಳೊಳಗೂ ಹೋಗುವಂತೆ ದಪ್ಪ ಕಾಂಕ್ರೀಟ್ ಹಾಸು ಹಾಕುತ್ತಾರೆ. ಹಾಸಿನಲ್ಲಿ ಬಿಟ್ಟ ರಂಧ್ರಗಳ ಮೂಲಕ ಉಕ್ಕಿನ ಕೊಳವೆಗಳನ್ನು ತುಂಡುತುಂಡಾಗಿ ಬೆಸೆಯುತ್ತ ಮರಳಿನವರೆಗೆ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಮನೆಯ ಭಾರ ಹೊಸ ಕಾಲುಗಳಿಗೆ ವರ್ಗವಾಗುತ್ತದೆ. ಎರಡು ಮನೆಗಳಿಗೆ ಒಂದೇ ಗೋಡೆಯಿದ್ದರೆ ಪಕ್ಕದ ಮನೆಯವರೂ ಒಪ್ಪಬೇಕು. ಖರ್ಚಂತೂ ವರ್ಷಗಳ ಉಳಿತಾಯವನ್ನೇ ನುಂಗುವಂಥದು. ಅದಕ್ಕೇ ಹಳೆಯ ಮನೆ ಕೊಳ್ಳುವವರು ಪಾಯದ ವರದಿ ಕೇಳುತ್ತಾರೆ.

2008ರಲ್ಲಿ ಮೆಟ್ರೊ ನಿಲ್ದಾಣಕ್ಕಾಗಿ ನೆಲ ತೋಡುತ್ತಿದ್ದಾಗ ಫೈಝಲ್‌ಖ್ರಾಕ್ಟ್ ಎಂಬ ಬೀದಿಯಲ್ಲಿ ನೆಲದಡಿಯ ತಡೆಗೋಡೆ ಸೋರಿ, ನೀರಿನ ಜೊತೆ ಮರಳೂ ಹರಿದುಬಂತು. 17ನೇ ಶತಮಾನದ ನೇಕಾರರ ಮನೆಗಳಲ್ಲಿ ಕೆಲವು 10 ಸೆಂಟಿಮೀಟರಿಗೂ ಹೆಚ್ಚು ಕುಸಿದವು. ನಿವಾಸಿಗಳು ಮನೆ ಬಿಟ್ಟು ಹೊರಡಬೇಕಾಯಿತು. ಮುಂದೆ ಅವುಗಳನ್ನು ಸರಿಪಡಿಸಲಾಯಿತು, 2018ರಲ್ಲಿ ರೈಲೂ ಓಡಿತು. ಆ ಮನೆಗಳನ್ನು ಮೂರು ಶತಮಾನ ಹೊತ್ತದ್ದು ಕಣ್ಣಿಗೆ ಕಾಣದ ಮರ, ಮರಳು ಮತ್ತು ನೀರು. ಮೂರರಲ್ಲಿ ಒಂದು ಜಾರಿದರೂ ಗೋಡೆ ಬಿರುಕಿನ ಮೂಲಕ ಮಾತಾಡುತ್ತದೆ. ಸುಣ್ಣ ಬಳಿದು ಅದರ ಬಾಯಿ ಮುಚ್ಚುವುದು ಜಾಣತನವಲ್ಲ.