ಮಾವನ ಶೆಡ್ಡು

ಮೊನ್ನೆ ನಮ್ಮ ತರಗತಿಯಲ್ಲಿ ಗುರುಗಳು ‘ಮುಂದೆ ಏನಾಗುತ್ತೀರಿ’ ಎಂದು ಒಬ್ಬೊಬ್ಬರನ್ನೇ ಕೇಳಿದರು. ಡಾಕ್ಟರು ಆರು ಜನ, ಪೊಲೀಸು ನಾಲ್ಕು ಜನ ಆದರು. ನಾನು ‘ಹಳೇ ಕಾರು ಹೊಸದು ಮಾಡ್ತೀನಿ ಸಾರ್’ ಅಂದೆ. ಎಲ್ಲಾರೂ ನಕ್ಕರು. ನಗುವವರು ನಗಲಿ, ನಾನು ನೋಡಿದ್ದನ್ನು ಬರೆಯುತ್ತೇನೆ.

ಚನ್ನರಾಯಪಟ್ಟಣದ ಹತ್ತಿರ ನನ್ನ ಸೋದರಮಾವನ ಶೆಡ್ಡು ಇದೆ. ಮಾವ ಎಸ್ಸೆಸ್ಸೆಲ್ಸಿ ಆದ ಮೇಲೆ ಐ.ಟಿ.ಐ.ನಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ಕಲಿತು ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು. ಅದನ್ನು ಬಿಟ್ಟು, ಬರೀ ಹಳೇ ಗಾಡಿ ಮಾಡ್ತೀನಿ ಅಂತ ಸ್ವಂತ ಶೆಡ್ಡು ಹಾಕಿದರು. ಗ್ಯಾಸ್ ವೆಲ್ಡಿಂಗ್ ಸೆಟ್ಟು ತರಲು ಅತ್ತೆ ತಮ್ಮ ಎರಡು ಬಳೆ ಅಡ ಇಟ್ಟರು. ‘ಗುಜರಿಗೆ ಬಂಗಾರ ಹಾಕಿದ’ ಅಂತ ಅಜ್ಜಿ ಈಗಲೂ ಬೈಯುತ್ತಾರೆ.

ಬೇಸಿಗೆ ರಜೆಯಲ್ಲಿ ನಾನು ಹೋದಾಗ ಅಲ್ಲಿಗೆ ಅಂಬಾಸಿಡರ್ ಕಾರು ಬಂದಿತ್ತು. 1972ನೇ ಇಸವಿಯದು, ಮಾರ್ಕ್ 2. ಅಂಬಾಸಿಡರನ್ನು ಕಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ಮಾಡಿದರಂತೆ. ಈಗ ಮಾಡುವುದಿಲ್ಲ. ಇದರ ಗೇರು ಸ್ಟೇರಿಂಗ್ ಪಕ್ಕದಲ್ಲೇ ಇದೆ. ಧರ್ಮಸ್ಥಳಕ್ಕೆ ಪ್ರವಾಸ ಹೋದಾಗ ಮ್ಯೂಸಿಯಂನಲ್ಲಿ ಹಳೇ ಕಾರುಗಳು ಹೊಳೆಯುತ್ತಿದ್ದವಲ್ಲ, ಇದು ಹಾಗಿರಲಿಲ್ಲ. ತಗಡು ತೂತಾಗಿ ಕಾಲ ಕೆಳಗೆ ನೆಲ ಕಾಣುತ್ತಿತ್ತು. ಒಳಗೆ ಇಲಿ ಗೂಡು.

ಪೇಂಟು ಹೊಡೆದರೆ ಹೊಸದಾಯಿತು ಅಂತ ತಿಳಿದಿದ್ದೆ. ಪೇಂಟು ಕಡೇ ಕೆಲಸ. ಮೊದಲು ಎಲ್ಲಾ ಬಿಚ್ಚಬೇಕು. ಬಿಚ್ಚಿದ ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸಬೇಕು. ಅದು ನನ್ನ ಕೆಲಸ, ನನ್ನ ಅಕ್ಷರ ದುಂಡಗಿದೆ ಅಂತ. ತುಕ್ಕು ತಿಂದ ಜಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಆಮೇಲೆ ಟಿಂಕರಿಂಗ್, ಪ್ರೈಮರು, ಪುಟ್ಟಿ, ನೀರು ಹಾಕಿ ಹಾಕಿ ಎಮರಿ ಪೇಪರಿನಲ್ಲಿ ಉಜ್ಜುವುದು. ಒಂದು ಬಾಗಿಲು ಉಜ್ಜುವಷ್ಟರಲ್ಲಿ ನನ್ನ ಬೆರಳಿನ ಚರ್ಮ ಎದ್ದು ಬಂತು.

ಕಾರಿನ ಯಜಮಾನರು ‘ಬೇರೆ ದೊಡ್ಡ ಇಂಜಿನ್ ಹಾಕಿ, ಜೋರಾಗಿ ಓಡಬೇಕು’ ಅಂದರು. ಹಾಕಿದ್ದರೆ ಮಾವನಿಗೆ ಹೆಚ್ಚು ದುಡ್ಡು ಸಿಗುತ್ತಿತ್ತು. ಆದರೆ ಮಾವ, ಇಂಜಿನ್ ಬದಲಾಯಿಸಲು ಆರ್.ಟಿ.ಓ. ಅನುಮತಿ ಬೇಕು, ಅಷ್ಟು ವೇಗಕ್ಕೆ ಹಳೇ ಬ್ರೇಕು ಸಾಲದು ಅಂದರು. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ನೋಂದಣಿ ಬೇಕಾದರೆ ಅದು ಮೊದಲಿದ್ದ ಹಾಗೇ ಇರಬೇಕು ಅಂತಲೂ ಹೇಳಿದರು. ಯಜಮಾನರು ಮುಖ ಗಂಟು ಹಾಕಿಕೊಂಡು ಹೋದರು. ಮೂರು ವಾರ ಫೋನೇ ಇಲ್ಲ. ಅತ್ತೆ ಊಟ ಬಡಿಸುವಾಗ ಮಾತಾಡುತ್ತಿರಲಿಲ್ಲ. ಆಮೇಲೆ ಅವರೇ ಒಪ್ಪಿದರು. ಹಳೇ ಇಂಜಿನ್ನನ್ನೇ ಮಾವ ಹಾಸನದಲ್ಲಿ ಬೋರ್ ಮಾಡಿಸಿ ತಂದರು.

ದಸರಾ ರಜೆಯಲ್ಲಿ ಸ್ಟಾರ್ಟ್ ಮಾಡುವ ದಿನ ಬಂತು. ಮಾವ ನನಗೆ ಪ್ಲಗ್ಗಿನ ವೈರು ಹಾಕಲು ಹೇಳಿ ಬ್ಯಾಟರಿ ತರಲು ಹೋದರು. ನಾನು 1, 2, 3, 4 ಅಂತ ಸಾಲಾಗಿ ಹಾಕಿಬಿಟ್ಟೆ. ಸ್ಟಾರ್ಟ್ ಮಾಡಿದರೆ ಢಂ ಅಂತು! ಕೋಳಿಗಳೆಲ್ಲ ಹಾರಿದವು. ಅಜ್ಜಿ ಕಿರುಚಿಕೊಂಡು ಓಡಿ ಬಂದರು. ಇಂಜಿನ್ನೂ ಹೋಯಿತು, ಬಳೆಯೂ ಹೋಯಿತು ಅಂತ ನಾನು ಹಲಸಿನ ಮರದ ಹಿಂದೆ ಹೋಗಿ ಅತ್ತುಬಿಟ್ಟೆ.

ಮಾವ ಬೈಯಲಿಲ್ಲ. ಕರೆದು, ‘ಲೋ, ಸಿಲಿಂಡರು ಸಾಲಾಗಿ ನಿಂತಿರ್ತವೆ, ಸಾಲಾಗಿ ಉರಿಯಲ್ಲ ಕಣೋ. 1, 3, 4, 2’ ಅಂದರು. ನನ್ನ ಕೈಯಲ್ಲೇ ವೈರು ಬದಲಾಯಿಸಿದರು. ಎರಡು ಸಲ ಕೆಮ್ಮಿ ಮೂರನೇ ಸಲ ಹೊತ್ತಿಕೊಂಡಿತು. ಅತ್ತೆ ಬಾಗಿಲಲ್ಲಿ ನಿಂತು ನಕ್ಕರು.

ದೀಪಾವಳಿಗೆ ಯಜಮಾನರು ಕಾರು ತಗೊಂಡು ಹೋದರು. ಸಾಮಾನಿನ ಬಾಕಿ ತೀರಿಸಿ ಒಂದು ಬಳೆ ಬಿಡಿಸಿದರು. ಇನ್ನೊಂದು ಇನ್ನೂ ಸೊಸೈಟಿಯಲ್ಲೇ ಇದೆ. ‘ಎಂಟು ತಿಂಗಳಿಗೆ ಒಂದು ಕಾರು, ಇದು ಹೊಟ್ಟೆಗಾಗುತ್ತಾ?’ ಅಂತ ನಮ್ಮಪ್ಪ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಾವ ಮಧ್ಯೆ ಮಧ್ಯೆ ಟ್ರ್ಯಾಕ್ಟರ್ ರಿಪೇರಿ ಮಾಡ್ತಾರೆ.

ಈಗ ಒಂದು ಹಳೇ ಜೀಪು ಬಂದಿದೆ. ಅದರ ಹಿಂದಿನ ಸೀಟಿನ ಕೆಳಗೆ ಕೋಳಿ ಕಾವಿಗೆ ಕೂತಿದೆ. ಮರಿ ಆಗೋವರೆಗೂ ಯಾರೂ ಮುಟ್ಟಬೇಡಿ ಅಂತ ಅತ್ತೆ ಹೇಳಿದ್ದಾರೆ.